ಹೊಸ ವಿಂಡೋಸ್ ಕಂಪ್ಯೂಟರಿನಲ್ಲಿ ಹಗುರ ಲಿನಕ್ಸ್ ಬೂಟ್ ಮಾಡುವುದು: ಯಾವ ಕ್ರಮದಲ್ಲಿ, ಎಲ್ಲಿ ಎಚ್ಚರ

ಪೆನ್‌ಡ್ರೈವಿಗೆ ಲಿನಕ್ಸ್ (ವಿಂಡೋಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬರೆದಾಯಿತು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ದಾಯಿತು, ಆದರೂ ತೆರೆದುಕೊಂಡದ್ದು ಮತ್ತದೇ ವಿಂಡೋಸ್. ಇಲ್ಲವೇ ‘ಸೆಕ್ಯುರಿಟಿ ವಯಲೇಷನ್’ ಎಂಬ ಕೆಂಪು ಪೆಟ್ಟಿಗೆ ಬಂದು ನಿಂತಿತು. ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ಮೂರನೆಯದು: ವಿಂಡೋಸೇ ಏಳದೆ, ನೀಲಿ ಪರದೆಯಲ್ಲಿ ಡಿಸ್ಕಿನ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀ ಕೇಳತೊಡಗುತ್ತದೆ. ಈ ಕೆಲಸಕ್ಕೆ ಕೈಹಾಕಿದವರು ಮತ್ತೆ ಮತ್ತೆ ಸಿಕ್ಕಿಬೀಳುವುದು ಈ ಮೂರು ಕಡೆಗಳಲ್ಲೇ. ಪೆನ್‌ಡ್ರೈವ್ ತಯಾರಿಸುವುದು ಸುಲಭದ ಭಾಗ. ಎಡವುವುದು ಅದಕ್ಕೂ ಮೊದಲು ವಿಂಡೋಸಿನೊಳಗೆ ಮುಗಿಸಬೇಕಾದ ಕೆಲಸವನ್ನು ಬಿಟ್ಟಾಗ, ಮತ್ತು ಹಳೆಯ ಬಯೋಸ್ (ಯಂತ್ರವನ್ನು ಮೊದಲು ಏಳಿಸುವ ಒಳ ತಂತ್ರಾಂಶದ ಹಳೆಯ ಬಗೆ) ಯಂತ್ರಗಳಿಗೆಂದು ಹೇಳಿದ ಸಲಹೆಯನ್ನು ಹೊಸ ಯಂತ್ರದ ಮೇಲೆ ಪ್ರಯೋಗಿಸಿದಾಗ.

ಇಲ್ಲಿ ಹೇಳುತ್ತಿರುವುದು ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಎಂದರೆ ಏಳಿಸಿ, ಓಡಿಸುವ ವಿಧಾನ ಮಾತ್ರ. ಹಾರ್ಡ್ ಡಿಸ್ಕನ್ನು ಭಾಗ ಮಾಡುವುದಿಲ್ಲ, ವಿಂಡೋಸನ್ನು ತೆಗೆಯುವುದಿಲ್ಲ. ಡ್ರೈವ್ ಕಿತ್ತರೆ ಕಂಪ್ಯೂಟರ್ ಮೊದಲಿದ್ದಂತೆಯೇ ಇರಬೇಕು.

## ಕೈಯಲ್ಲಿರಬೇಕಾದವು

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಬೇಕು. ಕೆಲಸಗಳನ್ನು ಅದರಲ್ಲೇ ಉಳಿಸಿಕೊಳ್ಳುವ ಯೋಚನೆಯಿದ್ದರೆ 16 ಅಥವಾ 32 ಜಿಬಿಯದ್ದೇ ಇರಲಿ, ಯುಎಸ್‌ಬಿ 3 ಆಗಿರಲಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಬೇಕಾದ ಕಡತಗಳನ್ನು ಮೊದಲೇ ಬೇರೆಡೆಗೆ ಸಾಗಿಸಿ. ಇಂಟರ್‌ನೆಟ್ ಇರುವ ಮೊಬೈಲ್ ಫೋನ್ ಪಕ್ಕದಲ್ಲಿರಲಿ; ಕಂಪ್ಯೂಟರ್ ಏಳದೆ ಕುಳಿತಾಗ ಅದೇ ಗತಿ. ಜೊತೆಗೆ ಒಂದು ಹಾಳೆ, ಪೆನ್ನು. ಬದಲಿಸುವ ಪ್ರತಿಯೊಂದು ಸೆಟ್ಟಿಂಗಿನ ಹಳೆಯ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ, ಅಥವಾ ಪರದೆಯ ಫೋಟೋ ತೆಗೆದುಕೊಳ್ಳಿ.

## ಹಂತ 1: ಯಂತ್ರ ಯಾವುದು ಎಂದು ಮೊದಲು ನೋಡಿ

ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಷನ್’ ಎಂದು ಹುಡುಕಿ ತೆರೆಯಿರಿ. ಬಲಬದಿಯ ಪಟ್ಟಿಯಲ್ಲಿ ಮೂರು ಸಾಲು ನೋಡಿದರೆ ಸಾಕು.

‘ಬಯೋಸ್ ಮೋಡ್’ ಎದುರು ಯುಇಎಫ್‌ಐ ಎಂದಿದೆಯೇ? ಬಯೋಸಿನ ಜಾಗಕ್ಕೆ ಬಂದ ಹೊಸ ಬಗೆ ಅದು, ಹೊಸ ಯಂತ್ರಗಳಲ್ಲಿ ಹಾಗೆಯೇ ಇರುತ್ತದೆ. ‘ಲೆಗಸಿ’ ಎಂದಿದ್ದರೆ ಯಂತ್ರ ಹಳೆಯ ರೀತಿಯಲ್ಲಿ ಓಡುತ್ತಿದೆ, ಮುಂದೆ ಹೇಳುವ ಹಲವು ವಿಷಯ ನಿಮಗೆ ಅನ್ವಯಿಸುವುದಿಲ್ಲ. ನಂಬಿಕಸ್ಥರ ಡಿಜಿಟಲ್ ಸಹಿ ಇರುವುದನ್ನು ಮಾತ್ರ ಏಳಗೊಡುವ ಕಾವಲು ಸೆಕ್ಯೂರ್ ಬೂಟ್. ‘ಸೆಕ್ಯೂರ್ ಬೂಟ್ ಸ್ಟೇಟ್’ ಎದುರು ‘ಆನ್’ ಇದ್ದರೆ, ಸಹಿ ಇಲ್ಲದ ಬೂಟ್ ಲೋಡರ್ (ಲಿನಕ್ಸನ್ನು ಏಳಿಸುವ ಪುಟ್ಟ ತಂತ್ರಾಂಶ) ಇರುವ ಲಿನಕ್ಸ್ ಈ ಯಂತ್ರದಲ್ಲಿ ಏಳುವುದಿಲ್ಲ.

ಮೂರನೆಯದು ‘ಸಿಸ್ಟಮ್ ಟೈಪ್’. ಅಲ್ಲಿ ‘ಎಕ್ಸ್64’ ಎಂದಿರಬೇಕು. ‘ಎಆರ್‌ಎಂ64’ ಎಂದಿದ್ದರೆ ಇಲ್ಲಿಗೇ ನಿಲ್ಲಿಸಿ. ಸ್ನಾಪ್‌ಡ್ರಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಈ ಗುಂಪಿನವು. ಇಂಟೆಲ್, ಎಎಂಡಿ ಯಂತ್ರಗಳಿಗಾಗಿ ತಯಾರಾದ ಲಿನಕ್ಸ್ ಅವುಗಳಲ್ಲಿ ಬೂಟ್ ಆಗುವುದೇ ಇಲ್ಲ, ಎಷ್ಟು ಸೆಟ್ಟಿಂಗ್ ತಿರುಗಿಸಿದರೂ ಅಷ್ಟೇ.

## ಹಂತ 2: ರಿಕವರಿ ಕೀ ಕೈಗೆ ಬರುವವರೆಗೆ ಮುಂದೆ ಹೋಗಬೇಡಿ

ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ ಬಿಟ್‌ಲಾಕರ್. ‘ನನ್ನ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ ಹಾಕಿಯೇ ಇಲ್ಲ’ ಎನ್ನುವವರೇ ಹೆಚ್ಚು ಸಿಕ್ಕಿಬೀಳುವುದು. ನೀವು ಹಾಕಬೇಕಿಲ್ಲ. ವಿಂಡೋಸ್ 11 ಹೋಮ್ ಆವೃತ್ತಿಯಲ್ಲೂ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ ಅದೇ ತಂತ್ರ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಯಂತ್ರ ಸಿದ್ಧಪಡಿಸಿದಾಗ ಅದು ಸದ್ದಿಲ್ಲದೆ ಚಾಲೂ ಆಗಿರಬಹುದು. 24ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಇದರ ವ್ಯಾಪ್ತಿ ಇನ್ನೂ ಹಿಗ್ಗಿದೆ.

ಕಂಪ್ಯೂಟರ್ ಬೂಟ್ ಆಗುವ ರೀತಿಯನ್ನು ಟಿಪಿಎಂ ಎಂಬ ಭದ್ರತಾ ಚಿಪ್ ಅಳೆದಿಟ್ಟುಕೊಂಡಿರುತ್ತದೆ. ಸೆಕ್ಯೂರ್ ಬೂಟ್ ಇತ್ತೋ ಇಲ್ಲವೋ ಎಂಬುದೂ ಆ ಅಳತೆಯಲ್ಲಿ ಸೇರಿದೆ. ನೀವು ಅದನ್ನು ಬದಲಿಸಿದೊಡನೆ ಅಳತೆ ತಾಳೆಯಾಗುವುದಿಲ್ಲ, ಚಿಪ್ ಡಿಸ್ಕಿನ ಕೀಲಿಯನ್ನು ಬಿಟ್ಟುಕೊಡುವುದಿಲ್ಲ. ಆಗ ವಿಂಡೋಸ್ 48 ಅಂಕಿ ಕೇಳುತ್ತದೆ. ಆ ಅಂಕಿಗಳು ಎಲ್ಲಿಯೂ ಸಿಗದಿದ್ದರೆ, ಮತ್ತು ಹಳೆಯ ಸೆಟ್ಟಿಂಗಿಗೆ ಮರಳಿದರೂ ಒಪ್ಪದಿದ್ದರೆ, ಡಿಸ್ಕಿನಲ್ಲಿರುವುದನ್ನು ಮೈಕ್ರೋಸಾಫ್ಟ್ ಸಹ ತೆಗೆದುಕೊಡಲಾರದು.

ಮಾಡಬೇಕಾದದ್ದು ಇಷ್ಟು:

1. ಸೆಟ್ಟಿಂಗ್ಸ್ ತೆರೆದು ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಆನ್ ಇದೆಯೇ ನೋಡಿ. ಪ್ರೊ ಆವೃತ್ತಿಯಲ್ಲಿ ಕಂಟ್ರೋಲ್ ಪ್ಯಾನೆಲಿನ ‘ಬಿಟ್‌ಲಾಕರ್ ಡ್ರೈವ್ ಎನ್‌ಕ್ರಿಪ್ಷನ್’ ನೋಡಿ.
2. ಆನ್ ಇದ್ದರೆ, ಫೋನಿನ ಬ್ರೌಸರಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ಈ ಕಂಪ್ಯೂಟರಿನ ಬಿಟ್‌ಲಾಕರ್ ಕೀಲಿ ಹುಡುಕಿ. ಫೋನಿನಲ್ಲೇ ನೋಡಿ ಎನ್ನುವುದಕ್ಕೆ ಕಾರಣವಿದೆ: ಖಾತೆಯ ಪಾಸ್‌ವರ್ಡ್ ನೆನಪಿದೆಯೇ, ಓಟಿಪಿ ಬರುವ ನಂಬರ್ ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಈಗಲೇ ಗೊತ್ತಾಗಲಿ.
3. 48 ಅಂಕಿಗಳನ್ನೂ ಅದರ ಜೊತೆಗಿರುವ ‘ಕೀ ಐಡಿ’ಯ ಮೊದಲ ಎಂಟು ಅಕ್ಷರಗಳನ್ನೂ ಹಾಳೆಯ ಮೇಲೆ ಬರೆದುಕೊಳ್ಳಿ. ಖಾತೆಯಲ್ಲಿ ಒಂದಕ್ಕಿಂತ ಹೆಚ್ಚು ಕೀಲಿಗಳಿದ್ದರೆ ಯಾವುದು ಎಂದು ಹೇಳುವುದು ಆ ಐಡಿಯೇ.

ಕಚೇರಿ ಅಥವಾ ಶಾಲೆಯವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಕೀಲಿ ಅವರ ಬಳಿ ಇರುತ್ತದೆ. ಅವರ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಬೇಡ.

## ಹಂತ 3: ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’. ಅಲ್ಲಿ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಗುರುತು ತೆಗೆದು ಸೇವ್ ಮಾಡಿ.

ಇದು ಆನ್ ಇದ್ದರೆ ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಕರ್ನಲ್ಲಿನ (ಒಳ ತಿರುಳಿನ) ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ವಿಂಡೋಸಿನ ಡ್ರೈವಿಗೆ ಏನಾದರೂ ಬರೆದರೆ ಕಡತಗಳು ಕೆಡಬಹುದು. ಅದಕ್ಕೇ ಲಿನಕ್ಸ್ ಸಾಮಾನ್ಯವಾಗಿ ಅಂಥ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ.

## ಹಂತ 4: ಯಾವ ಲಿನಕ್ಸ್? ಅತ್ಯಂತ ಚಿಕ್ಕದೇ ಒಳ್ಳೆಯದಲ್ಲ

ಲಿನಕ್ಸಿನಲ್ಲಿ ಬಗೆಗಳು ಹಲವು. ಹಗುರ ಲಿನಕ್ಸ್ ಎಂದೊಡನೆ ಜನ ಗಾತ್ರ ನೋಡುತ್ತಾರೆ. ಟೈನಿ ಕೋರ್ 30 ಎಂಬಿಯೊಳಗೆ ಮುಗಿಯುತ್ತದೆ, ಪಪ್ಪಿ ಲಿನಕ್ಸಿನ ಹೆಚ್ಚಿನ ಆವೃತ್ತಿಗಳು 1 ಜಿಬಿಯೊಳಗಿವೆ. ಆದರೆ ಹೊಸ ಯಂತ್ರದಲ್ಲಿ ತಡೆಗೋಡೆ ರ‍್ಯಾಮ್ ಅಲ್ಲ, ಸಹಿ. ಟೈನಿ ಕೋರ್, ಪಪ್ಪಿ, ಆಂಟಿಎಕ್ಸ್ ಮುಂತಾದವನ್ನು ಸೆಕ್ಯೂರ್ ಬೂಟ್ ಆನ್ ಇರುವಾಗ ನೇರವಾಗಿ ಏಳಿಸಲು ಹೊರಟರೆ ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತದೆ. ಉಬುಂಟು ವಂಶದ ಲುಬುಂಟು, ಝುಬುಂಟು ಮತ್ತು ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯಲ್ಲಿ ‘ಶಿಮ್’ ಎಂಬ ಪುಟ್ಟ ಬೂಟ್ ಲೋಡರಿಗೆ ಮೈಕ್ರೋಸಾಫ್ಟಿನ ಸಹಿ ಇರುತ್ತದೆ. ಡೆಬಿಯನ್ನಿನಲ್ಲಿ 2019ರ 10ನೇ ಆವೃತ್ತಿಯಿಂದ ಈ ಅನುಕೂಲವಿದೆ. ಇವು ಸೆಕ್ಯೂರ್ ಬೂಟ್ ಮುಟ್ಟದೆಯೇ ಏಳುತ್ತವೆ.

ನನ್ನ ಸಲಹೆ ನೇರವಾದದ್ದು: ಯಂತ್ರದಲ್ಲಿ 4 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ಮೊದಲ ಪ್ರಯತ್ನಕ್ಕೆ ಲುಬುಂಟು ಅಥವಾ ಮಿಂಟ್ ಎಕ್ಸ್‌ಎಫ್‌ಸಿಇ ಹಿಡಿಯಿರಿ. ಐಎಸ್‌ಒ ಕಡತ (ಇಡೀ ಲಿನಕ್ಸನ್ನು ಒಳಗಿಟ್ಟುಕೊಂಡ ಒಂದೇ ಕಡತ) 3 ಜಿಬಿ ಆಸುಪಾಸಿನಲ್ಲಿರುತ್ತದೆ, ಪರವಾಗಿಲ್ಲ. ಈ ದಾರಿಯಲ್ಲಿ ಹೋದವರಿಗೆ ಮುಂದಿನ ಹಂತ 8 ಸಾಮಾನ್ಯವಾಗಿ ಬೇಕಾಗುವುದಿಲ್ಲ, ರಿಕವರಿ ಕೀ ಕೇಳುವ ಪ್ರಸಂಗವೂ ಬಹುತೇಕ ಬರುವುದಿಲ್ಲ. ಒಮ್ಮೆ ಇದು ಓಡಿತು ಎಂದಾದ ಮೇಲೆ ಪಪ್ಪಿಯ ಮೇಲೆ ಆಸೆಯಿದ್ದರೆ ಅದನ್ನು ನೋಡಿ.

ಪಪ್ಪಿಯ ಗುಣ ಬೇರೆಯೇ. ಅದು ತನ್ನನ್ನು ಪೂರ್ತಿಯಾಗಿ ರ‍್ಯಾಮಿಗೆ ಏರಿಸಿಕೊಳ್ಳುತ್ತದೆ. ನಿಧಾನಗತಿಯ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೂ ಒಮ್ಮೆ ತೆರೆದುಕೊಂಡ ಮೇಲೆ ಚುರುಕಾಗಿರುತ್ತದೆ. ಆದರೆ ಬಹುಪಾಲು ಪಪ್ಪಿಗಳಲ್ಲಿ ನೀವು ರೂಟ್ (ಎಲ್ಲ ಅಧಿಕಾರವಿರುವ) ಬಳಕೆದಾರರಾಗಿಯೇ ಕೆಲಸ ಮಾಡುತ್ತೀರಿ. ಅಂದರೆ ತಪ್ಪು ಡ್ರೈವನ್ನು ಅಳಿಸಹೊರಟರೂ ಅದು ಪಾಸ್‌ವರ್ಡ್ ಕೇಳಿ ತಡೆಯುವುದಿಲ್ಲ. ಟೈನಿ ಕೋರಿನಲ್ಲಿ ಬ್ರೌಸರ್ ಸಹಿತ ಎಲ್ಲವನ್ನೂ ನೀವೇ ಸೇರಿಸಿಕೊಳ್ಳಬೇಕು. ಕಲಿಯಲು ಚೆನ್ನ, ನಾಳೆಯ ಕೆಲಸಕ್ಕಲ್ಲ.

ಇನ್ನೊಂದು ಸಾಮಾನ್ಯ ತಪ್ಪು 32 ಬಿಟ್ ಆವೃತ್ತಿ ಇಳಿಸಿಕೊಳ್ಳುವುದು. ‘ಹಗುರ’ ಎಂದು ಹುಡುಕಿದರೆ ಅವೇ ಮೊದಲು ಸಿಗುತ್ತವೆ. ಹೊಸ ಯಂತ್ರದ ಫರ್ಮ್‌ವೇರ್ (ಯುಇಎಫ್‌ಐ ಎಂಬ ಒಳ ತಂತ್ರಾಂಶ) 64 ಬಿಟ್‌ನದು, ಅದಕ್ಕೆ 64 ಬಿಟ್‌ನ ಯುಇಎಫ್‌ಐ ಬೂಟ್ ಲೋಡರೇ ಬೇಕು. ಅದಿಲ್ಲದ ಪೆನ್‌ಡ್ರೈವ್ ಬೂಟ್ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

## ಹಂತ 5: ಇಳಿಸಿಕೊಂಡು ತಾಳೆ ನೋಡಿ

ಐಎಸ್‌ಒ ಕಡತವನ್ನು ಆಯಾ ಲಿನಕ್ಸಿನ ಅಧಿಕೃತ ತಾಣದಿಂದಲೇ ಇಳಿಸಿ. ಅದೇ ಪುಟದಲ್ಲಿ ಕಡತದ ಬೆರಳಚ್ಚಿನಂಥ, ಎಸ್‌ಎಚ್‌ಎ256 ಎಂಬ 64 ಅಕ್ಷರಗಳ ಸಾಲೊಂದು ಇರುತ್ತದೆ. ಪೆನ್‌ಡ್ರೈವಿಗೆ ಬರೆಯುವ ರೂಫಸ್ ತಂತ್ರಾಂಶದಲ್ಲಿ ಐಎಸ್‌ಒ ಆಯ್ದ ನಂತರ ‘ಸೆಲೆಕ್ಟ್’ ಗುಂಡಿಯ ಪಕ್ಕದ ಸರಿ ಗುರುತಿನ ಚಿಹ್ನೆ ಒತ್ತಿದರೆ ನಿಮ್ಮ ಕಡತದ ಎಸ್‌ಎಚ್‌ಎ256 ತೋರಿಸುತ್ತದೆ. ಎರಡೂ ಒಂದೇ ಆಗಿರಬೇಕು. ಮೊದಲ ಆರು, ಕೊನೆಯ ಆರು ಅಕ್ಷರ ಹೊಂದಿದರೆ ಡೌನ್‌ಲೋಡ್ ನಡುವೆ ಕಡಿದುಹೋಗಿಲ್ಲ ಎಂದು ತಿಳಿಯಲು ಸಾಕು.

ಹಳೆಯ ಐಎಸ್‌ಒ ಬಳಸಬೇಡಿ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟೊಂದು, ಲೋಪವಿದ್ದ ಹಳೆಯ ಬೂಟ್ ಲೋಡರುಗಳನ್ನು ತಡೆಯುವ ‘ಎಸ್‌ಬಿಎಟಿ’ ಎಂಬ ಪಟ್ಟಿಯನ್ನು ಅನೇಕ ಯಂತ್ರಗಳ ಫರ್ಮ್‌ವೇರಿಗೆ ಬರೆಯಿತು. ಅದುವರೆಗೆ ಸರಿಯಾಗಿ ಏಳುತ್ತಿದ್ದ ಪೆನ್‌ಡ್ರೈವುಗಳು ‘ಎಸ್‌ಬಿಎಟಿ ಸೆಲ್ಫ್ ಚೆಕ್ ಫೇಲ್ಡ್’ ಎಂದು ಹೇಳಿ ಯಂತ್ರವನ್ನೇ ಆಫ್ ಮಾಡತೊಡಗಿದವು. ಈ ಸಾಲು ಕಂಡರೆ ಪೆನ್‌ಡ್ರೈವ್ ಕೆಟ್ಟಿಲ್ಲ, ನಿಮ್ಮ ಐಎಸ್‌ಒ ಹಳೆಯದು. ಹೊಸ ಬಿಡುಗಡೆ ಇಳಿಸಿಕೊಂಡು ಮತ್ತೆ ಬರೆಯಿರಿ.

## ಹಂತ 6: ಪೆನ್‌ಡ್ರೈವಿಗೆ ಬರೆಯುವುದು

ಐಎಸ್‌ಒ ಕಡತವನ್ನು ಎಳೆದು ಪೆನ್‌ಡ್ರೈವಿನೊಳಗೆ ಹಾಕಿದರೆ ಅದು ಬೂಟ್ ಆಗುವುದಿಲ್ಲ. ಬರೆಯುವ ತಂತ್ರಾಂಶವೇ ಬೇಕು; ರೂಫಸ್ ಸಾಕು.

1. ಬೇರೆಲ್ಲ ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಕಿತ್ತುಬಿಡಿ. ತಪ್ಪು ಡ್ರೈವ್ ಆಯ್ಕೆಯಾಗದಂತೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.
2. ರೂಫಸ್ ತೆರೆದು ಮೇಲಿನ ‘ಡಿವೈಸ್’ ಸಾಲಿನಲ್ಲಿ ಡ್ರೈವಿನ ಹೆಸರು, ಗಾತ್ರ ಎರಡನ್ನೂ ಓದಿ ಖಚಿತಪಡಿಸಿಕೊಳ್ಳಿ.
3. ‘ಸೆಲೆಕ್ಟ್’ ಒತ್ತಿ ಐಎಸ್‌ಒ ಆರಿಸಿ.
4. ‘ಪಾರ್ಟಿಷನ್ ಸ್ಕೀಮ್’ ಎದುರು ಜಿಪಿಟಿ (ಡಿಸ್ಕನ್ನು ವಿಭಾಗಿಸುವ, ಯುಇಎಫ್‌ಐಗೆ ಹೊಂದುವ ರೀತಿ) ಆಯ್ಕೆ ಮಾಡಿ. ಪಕ್ಕದ ‘ಟಾರ್ಗೆಟ್ ಸಿಸ್ಟಮ್’ ತಾನಾಗಿ ಯುಇಎಫ್‌ಐಗೆ ಬದಲಾಗುತ್ತದೆ.
5. ಕಡತ ವ್ಯವಸ್ಥೆ ಎಫ್‌ಎಟಿ32 ಇರಲಿ. ‘ಪರ್ಸಿಸ್ಟೆಂಟ್ ಪಾರ್ಟಿಷನ್’ ಎಂಬ ಜಾರುಗುಂಡಿ ಕಂಡರೆ, ಕೆಲಸ ಉಳಿಸಿಕೊಳ್ಳಬೇಕಾದವರು ಈಗಲೇ ಅದನ್ನು 4 ಜಿಬಿಗೋ ಹೆಚ್ಚಿಗೋ ಎಳೆಯಿರಿ. ಆಮೇಲೆ ಸೇರಿಸಬೇಕೆಂದರೆ ಮತ್ತೆ ಮೊದಲಿನಿಂದ ಬರೆಯಬೇಕು.
6. ‘ಸ್ಟಾರ್ಟ್’ ಒತ್ತಿ. ಐಎಸ್‌ಒ ಮೋಡ್ ಬೇಕೋ ಡಿಡಿ ಮೋಡ್ ಬೇಕೋ ಎಂದು ಕೇಳಿದರೆ ಮೊದಲು ಐಎಸ್‌ಒ ಮೋಡ್. ಅದು ಬೂಟ್ ಆಗದಿದ್ದರೆ ಮಾತ್ರ ಎರಡನೇ ಸಲ ಡಿಡಿ ಮೋಡ್.

ಡಿಡಿ ಮೋಡಿನಲ್ಲಿ ಬರೆದವರು ಒಂದು ವಿಷಯ ತಿಳಿದಿರಬೇಕು. ಬರೆದು ಮುಗಿದ ಮೇಲೆ ಡ್ರೈವ್ ಮತ್ತೆ ಚುಚ್ಚಿದರೆ ವಿಂಡೋಸ್ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಪೆಟ್ಟಿಗೆ ತೋರಿಸಬಹುದು. ಕ್ಯಾನ್ಸಲ್ ಒತ್ತಿ. ವಿಂಡೋಸಿಗೆ ಓದಲು ಬಾರದ ಪಾರ್ಟಿಷನ್ ಅಲ್ಲಿದೆ ಎಂಬುದಷ್ಟೇ ಅದರ ಅರ್ಥ. ಡ್ರೈವ್ ಹಾಳಾಗಿದೆ ಎಂದುಕೊಂಡು ಫಾರ್ಮ್ಯಾಟ್ ಒತ್ತಿದವರು ಬರೆದದ್ದನ್ನೆಲ್ಲ ಅಳಿಸಿಕೊಂಡು, ಬೂಟ್ ಆಗುತ್ತಿಲ್ಲವೆಂದು ದೂರುತ್ತಾರೆ.

ಬೂಟ್ ಮಾಡುವ ಮೊದಲು ಒಂದು ಪರೀಕ್ಷೆ. ಐಎಸ್‌ಒ ಮೋಡಿನಲ್ಲಿ ಬರೆದ ಪೆನ್‌ಡ್ರೈವನ್ನು ಎಕ್ಸ್‌ಪ್ಲೋರರಿನಲ್ಲಿ ತೆರೆದು ‘ಇಎಫ್‌ಐ’ ಫೋಲ್ಡರ್, ಅದರೊಳಗೆ ‘ಬೂಟ್’ ಫೋಲ್ಡರ್, ಅದರೊಳಗೆ ‘ಬೂಟ್‌ಎಕ್ಸ್64’ ಕಡತ ಇದೆಯೇ ನೋಡಿ. ಇದ್ದರೆ ಯುಇಎಫ್‌ಐ ಯಂತ್ರಕ್ಕೆ ಹಿಡಿದುಕೊಳ್ಳಲು ಕೈ ಇದೆ ಎಂದರ್ಥ. ಇಲ್ಲದಿದ್ದರೆ ತಪ್ಪು ಐಎಸ್‌ಒ ಇಳಿಸಿದ್ದೀರಿ, ಹಂತ 4ಕ್ಕೆ ಹಿಂತಿರುಗಿ.

ಒಂದೇ ಡ್ರೈವಿನಲ್ಲಿ ಹಲವು ಐಎಸ್‌ಒ ಇಟ್ಟುಕೊಳ್ಳಲು ಅನೇಕರು ವೆಂಟಾಯ್ ಬಳಸುತ್ತಾರೆ. ಒಳ್ಳೆಯದೇ. ಆದರೆ ಸೆಕ್ಯೂರ್ ಬೂಟ್ ಇದ್ದಾಗ ಮೊದಲ ಬಾರಿ ಅದರ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಬೇಕು. ಆ ನೀಲಿ ಪರದೆಯ ಮೆನು ಹೊಸಬರನ್ನು ದಾರಿ ತಪ್ಪಿಸುತ್ತದೆ. ಮೊದಲ ಸಲಕ್ಕೆ ಒಂದು ಡ್ರೈವ್, ಒಂದು ಲಿನಕ್ಸ್.

## ಹಂತ 7: ಪೆನ್‌ಡ್ರೈವಿನಿಂದ ಏಳಿಸುವುದು

ಆನ್ ಮಾಡಿದ ಕೂಡಲೇ ಕೀ ಒತ್ತುತ್ತಾ ಕೂರುವುದಕ್ಕಿಂತ ನಂಬಿಕಸ್ಥ ದಾರಿ ವಿಂಡೋಸಿನೊಳಗಿಂದಲೇ ಇದೆ. ಡ್ರೈವ್ ಚುಚ್ಚಿ, ಶಿಫ್ಟ್ ಕೀ ಹಿಡಿದುಕೊಂಡೇ ‘ರೀಸ್ಟಾರ್ಟ್’ ಕ್ಲಿಕ್ ಮಾಡಿ. ಬರುವ ನೀಲಿ ಮೆನುವಿನಲ್ಲಿ ‘ಯೂಸ್ ಎ ಡಿವೈಸ್’ ಆರಿಸಿ, ಪಟ್ಟಿಯಿಂದ ಪೆನ್‌ಡ್ರೈವಿನ ಹೆಸರು ಅಥವಾ ‘ಇಎಫ್‌ಐ ಯುಎಸ್‌ಬಿ ಡಿವೈಸ್’ ಆಯ್ದುಕೊಳ್ಳಿ.

ಆ ಆಯ್ಕೆ ಕಾಣದಿದ್ದರೆ ಬೂಟ್ ಮೆನು ಕೀ ಬಳಸಬೇಕು. ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್9. ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್, ಅವರದೇ ಮದರ್‌ಬೋರ್ಡುಗಳಲ್ಲಿ ಎಫ್8. ಎಂಎಸ್‌ಐಯಲ್ಲಿ ಎಫ್11. ಏಸರ್‌ನಲ್ಲಿ ಎಫ್12 ಆದರೂ, ಹಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಸೆಟಪ್ಪಿಗೆ (ಯುಇಎಫ್‌ಐ ಸೆಟ್ಟಿಂಗುಗಳ ಪರದೆಗೆ) ಹೋಗಿ ‘ಎಫ್12 ಬೂಟ್ ಮೆನು’ ಎಂಬುದನ್ನು ಎನೇಬಲ್ ಮಾಡಬೇಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಎಫ್ ಕೀಗಳು ಧ್ವನಿ, ಬೆಳಕಿನ ನಿಯಂತ್ರಣಕ್ಕೆ ಮೀಸಲಾಗಿದ್ದರೆ ‘ಎಫ್‌ಎನ್’ ಕೀಯನ್ನೂ ಸೇರಿಸಿ ಒತ್ತಿ.

ಪಟ್ಟಿಯಲ್ಲಿ ಒಂದೇ ಡ್ರೈವ್ ಎರಡು ಸಲ ಕಂಡರೆ ‘ಯುಇಎಫ್‌ಐ’ ಎಂದು ಶುರುವಾಗುವುದನ್ನೇ ಆರಿಸಿ.

ಡ್ರೈವ್ ಕಾಣುವುದೇ ಇಲ್ಲವೇ? ಹಬ್ಬಿನಿಂದ ಕಿತ್ತು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಬಳಸಿ. ಸೆಟಪ್ಪಿನಲ್ಲಿ ‘ಯುಎಸ್‌ಬಿ ಬೂಟ್’ ಡಿಸೇಬಲ್ ಆಗಿದೆಯೇ ನೋಡಿ. ಆದರೂ ಕಾಣದಿದ್ದರೆ ಹಂತ 6ರ ಬೂಟ್‌ಎಕ್ಸ್64 ಪರೀಕ್ಷೆ ಮತ್ತೆ ಮಾಡಿ.

ಈ ಹಂತದಲ್ಲಿ ಹತಾಶರಾದವರು ಹಳೆಯ ಸಲಹೆಯ ಬೆನ್ನುಹತ್ತಿ ‘ಲೆಗಸಿ’ ಅಥವಾ ‘ಸಿಎಸ್‌ಎಂ’ (ಹಳೆಯ ಬಯೋಸ್ ರೀತಿಯಲ್ಲಿ ಏಳಿಸುವ ಆಯ್ಕೆ) ಆನ್ ಮಾಡುತ್ತಾರೆ. ಬೇಡ. ಅನೇಕ ಹೊಸ ಯಂತ್ರಗಳಲ್ಲಿ ಆ ಆಯ್ಕೆಯೇ ಇಲ್ಲ. ಇರುವ ಯಂತ್ರದಲ್ಲಿ ಬದಲಿಸಿದರೆ ಜಿಪಿಟಿ ಡಿಸ್ಕಿನಲ್ಲಿ ಕುಳಿತಿರುವ ವಿಂಡೋಸ್ ಕಣ್ಮರೆಯಾಗಿ ‘ನೋ ಬೂಟಬಲ್ ಡಿವೈಸ್’ ಎಂದು ತೋರಿಸೀತು. ಆಗ ಗಾಬರಿಯಾಗಬೇಕಿಲ್ಲ; ಸೆಟ್ಟಿಂಗನ್ನು ಯುಇಎಫ್‌ಐಗೆ ತಿರುಗಿಸಿದರೆ ವಿಂಡೋಸ್ ವಾಪಸ್ ಬರುತ್ತದೆ.

## ಹಂತ 8: ಸೆಕ್ಯೂರ್ ಬೂಟ್, ಅನಿವಾರ್ಯವಾದರೆ ಮಾತ್ರ

ಸಹಿ ಇರುವ ಹೊಸ ಲಿನಕ್ಸ್ ಬರೆದೂ ‘ಇನ್‌ವ್ಯಾಲಿಡ್ ಸಿಗ್ನೇಚರ್ ಡಿಟೆಕ್ಟೆಡ್’ ಎಂದು ಬಂದರೆ, ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಸೆಟಪ್ಪಿನಲ್ಲಿ ಇನ್ನೊಂದನ್ನು ಹುಡುಕಿ: ‘ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ’. ಕೆಲವು ಹೊಸ ಲ್ಯಾಪ್‌ಟಾಪುಗಳು ವಿಂಡೋಸಿನ ಸಹಿಯನ್ನಷ್ಟೇ ಒಪ್ಪುವಂತೆ ಬರುತ್ತವೆ. ಲಿನಕ್ಸಿನ ಶಿಮ್‌ಗೆ ಇರುವುದು ಈ ಎರಡನೇ ಪ್ರಮಾಣಪತ್ರದ ಸಹಿ. ಇದನ್ನು ಆನ್ ಮಾಡಿದರೆ ಸೆಕ್ಯೂರ್ ಬೂಟ್ ಉಳಿಸಿಕೊಂಡೇ ಕೆಲಸವಾಗುತ್ತದೆ. ಆದರೂ ರಿಕವರಿ ಕೀ ಹಾಳೆ ಎದುರಿಗಿರಲಿ.

ಪಪ್ಪಿ ಅಥವಾ ಆಂಟಿಎಕ್ಸೇ ಬೇಕು ಎಂದಾದರೆ ಆಫ್ ಮಾಡುವುದೇ ಸರಳ ದಾರಿ. ಕ್ರಮ ಮುಖ್ಯ.

1. ಮೊದಲು ವಿಂಡೋಸಿನಲ್ಲಿ, ಪ್ರೊ ಆವೃತ್ತಿಯಾದರೆ, ಬಿಟ್‌ಲಾಕರ್ ಪುಟದ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ಡಿಸ್ಕಿನ ಗೂಢಲಿಪಿ ಬಿಚ್ಚಿಕೊಳ್ಳುವುದಿಲ್ಲ, ಕಾವಲು ಮಾತ್ರ ತಾತ್ಕಾಲಿಕವಾಗಿ ಪಕ್ಕಕ್ಕೆ ಸರಿಯುತ್ತದೆ. ಹೋಮ್ ಆವೃತ್ತಿಯ ಸೆಟ್ಟಿಂಗ್ಸಿನಲ್ಲಿ ಇರುವುದು ಆನ್, ಆಫ್ ಮಾತ್ರ. ಆಫ್ ಮಾಡಿದರೆ ಇಡೀ ಡಿಸ್ಕಿನ ಗೂಢಲಿಪಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಹಾಳೆಯಲ್ಲಿ ಕೀಲಿ ಇರುವವರು ಅದನ್ನು ಹಾಗೇ ಬಿಟ್ಟು, ಕೇಳಿದಾಗ 48 ಅಂಕಿ ಹಾಕಿದರೂ ಆಯಿತು.
2. ಶಿಫ್ಟ್ ಹಿಡಿದು ರೀಸ್ಟಾರ್ಟ್, ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’.
3. ‘ಸೆಕ್ಯುರಿಟಿ’ ಅಥವಾ ‘ಬೂಟ್’ ವಿಭಾಗದಲ್ಲಿ ಸೆಕ್ಯೂರ್ ಬೂಟನ್ನು ಡಿಸೇಬಲ್ ಮಾಡಿ, ಸೇವ್ ಮಾಡಿ ಹೊರಬನ್ನಿ.
4. ಪೆನ್‌ಡ್ರೈವ್ ಇಲ್ಲದೆ ಒಮ್ಮೆ ವಿಂಡೋಸಿಗೆ ಹೋಗಿ. ಅದು ಸರಿಯಾಗಿ ತೆರೆದುಕೊಂಡಿತೆಂದು ಕಂಡ ಮೇಲೆಯೇ ಲಿನಕ್ಸ್. ಸಸ್ಪೆಂಡ್ ಮಾಡಿದ್ದ ಬಿಟ್‌ಲಾಕರ್ ಈ ಹೊತ್ತಿಗೆ ಹೊಸ ಸ್ಥಿತಿಯನ್ನು ಅಳೆದುಕೊಂಡು ಮತ್ತೆ ಕಾವಲಿಗೆ ನಿಂತಿರುತ್ತದೆ.

ಕೆಲವು ಯಂತ್ರಗಳ ವಿಚಿತ್ರಗಳು ಜನರನ್ನು ಗಂಟೆಗಟ್ಟಲೆ ಕಾಡುತ್ತವೆ. ಏಸರ್‌ನಲ್ಲಿ ಸೆಕ್ಯೂರ್ ಬೂಟ್ ಸಾಲು ಮಸುಕಾಗಿ, ಮುಟ್ಟಲಾಗದಂತೆ ಇರುತ್ತದೆ. ‘ಸೂಪರ್‌ವೈಸರ್ ಪಾಸ್‌ವರ್ಡ್’ ಇಟ್ಟರೆ ಮಾತ್ರ ತೆರೆದುಕೊಳ್ಳುತ್ತದೆ. ಆ ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆಯಿರಿ, ಮರೆತರೆ ಸರ್ವಿಸ್ ಸೆಂಟರ್ ಹತ್ತಬೇಕಾದೀತು. ಎಚ್‌ಪಿಯ ಹಲವು ಲ್ಯಾಪ್‌ಟಾಪುಗಳಲ್ಲಿ ಸೇವ್ ಮಾಡಿ ರೀಸ್ಟಾರ್ಟ್ ಆದ ಕೂಡಲೇ ಕಪ್ಪು ಪರದೆಯ ಮೇಲೆ ನಾಲ್ಕಂಕಿಯ ಸಂಖ್ಯೆಯೊಂದು ಬಂದು, ಅದನ್ನು ಟೈಪ್ ಮಾಡಿ ಎಂಟರ್ ಒತ್ತಲು ಹೇಳುತ್ತದೆ. ಟೈಪ್ ಮಾಡುವ ಜಾಗ ಕಾಣುವುದಿಲ್ಲ, ಒತ್ತಿದ ಅಂಕಿಯೂ ಕಾಣುವುದಿಲ್ಲ. ಕೀಬೋರ್ಡ್ ಕೆಲಸ ಮಾಡುತ್ತಿಲ್ಲವೆಂದು ಪವರ್ ಬಟನ್ ಒತ್ತಿದರೆ ಬದಲಾವಣೆ ರದ್ದಾಗುತ್ತದೆ. ಮೇಲಿನ ಸಾಲಿನ ಅಂಕಿಗಳಿಂದ ಸುಮ್ಮನೆ ಟೈಪ್ ಮಾಡಿ ಎಂಟರ್ ಒತ್ತಿ.

ಸೆಟಪ್ಪಿನೊಳಗೆ ಮುಟ್ಟಬಾರದವು ಮೂರಿವೆ. ‘ಕ್ಲಿಯರ್ ಟಿಪಿಎಂ’ ಒತ್ತಿದರೆ ಚಿಪ್ಪಿನಲ್ಲಿರುವ ಬಿಟ್‌ಲಾಕರಿನ ಕೀಲಿ ಹಾಗೂ ವಿಂಡೋಸಿನ ಪಿನ್ ಎರಡೂ ಕೈತಪ್ಪುತ್ತವೆ. ಸೆಕ್ಯೂರ್ ಬೂಟ್ ಆಫ್ ಮಾಡಲು ‘ಡಿಲೀಟ್ ಆಲ್ ಕೀಸ್’ ಒತ್ತುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಕಸ್ಮಾತ್ ಒತ್ತಿದ್ದರೆ ‘ರಿಸ್ಟೋರ್ ಫ್ಯಾಕ್ಟರಿ ಕೀಸ್’ ಹುಡುಕಿ. ಮೂರನೆಯದು ಡಿಸ್ಕಿನ ‘ರೇಡ್’, ‘ಆರ್‌ಎಸ್‌ಟಿ’ ಅಥವಾ ‘ವಿಎಂಡಿ’ ಸೆಟ್ಟಿಂಗ್. ಲಿನಕ್ಸಿಗೆ ಒಳಗಿನ ಡಿಸ್ಕ್ ಕಾಣಲಿ ಎಂದು ಇದನ್ನು ‘ಎಎಚ್‌ಸಿಐ’ಗೆ ಬದಲಿಸಿದರೆ ವಿಂಡೋಸ್ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಕುಸಿಯಬಹುದು. ಪೆನ್‌ಡ್ರೈವಿನಿಂದ ಓಡಿಸಲು ಒಳಗಿನ ಡಿಸ್ಕ್ ಕಾಣಬೇಕಾದ ಅಗತ್ಯವೇ ಇಲ್ಲ.

## ಹಂತ 9: ತೆರೆದುಕೊಂಡ ಮೇಲೆ

ಬೂಟ್ ಮೆನುವಿನಲ್ಲಿ ‘ಟ್ರೈ’ ಅಥವಾ ‘ಲೈವ್’ ಇರುವ ಸಾಲನ್ನೇ ಆರಿಸಿ. ಡೆಸ್ಕ್‌ಟಾಪಿನಲ್ಲಿ ಕಾಣುವ ‘ಇನ್‌ಸ್ಟಾಲ್’ ಚಿಹ್ನೆಯನ್ನು ಕುತೂಹಲಕ್ಕೂ ತೆರೆಯಬೇಡಿ. ಅದರ ಹಾದಿಯಲ್ಲಿ ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಕೆಲವೇ ಕ್ಲಿಕ್ಕುಗಳ ದೂರದಲ್ಲಿದೆ.

ಮೆನು ಬಂದು ನಂತರ ಪರದೆ ಕಪ್ಪಾಗಿ ನಿಂತರೆ ಅದು ಬಹುತೇಕ ಗ್ರಾಫಿಕ್ಸ್ ಕಾರ್ಡಿನ ತಕರಾರು, ಎನ್‌ವಿಡಿಯಾ ಯಂತ್ರಗಳಲ್ಲಿ ಹೆಚ್ಚು. ಮತ್ತೆ ಬೂಟ್ ಮಾಡಿ ಮೆನುವಿನ ‘ಸೇಫ್ ಗ್ರಾಫಿಕ್ಸ್’ ಅಥವಾ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಅದಿಲ್ಲದಿದ್ದರೆ ಲೈವ್ ಸಾಲಿನ ಮೇಲೆ ನಿಂತು ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಖಾಲಿ ಜಾಗ ಬಿಟ್ಟು, ‘ನೋಮೋಡ್‌ಸೆಟ್’ ಪದವನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಹಾಗಾಗಿ ತಪ್ಪಾದರೂ ನಷ್ಟವಿಲ್ಲ.

ವೈಫೈ ಕಾಣದಿದ್ದರೆ ಫೋನನ್ನು ಕೇಬಲ್ ಹಾಕಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಡ್ರೈವರ್ ಹುಡುಕಾಟವಿಲ್ಲದೆ ನೆಟ್ ಬರುವ ಅತಿ ಸುಲಭದ ದಾರಿ ಅದು.

ಕಡತ ನಿರ್ವಾಹಕದಲ್ಲಿ ಒಳಗಿನ ಡಿಸ್ಕಿನ ಮೇಲೆ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳಬಹುದು. ಅದು ಬಿಟ್‌ಲಾಕರ್, ಬಿಟ್ಟುಬಿಡಿ. ವಿಂಡೋಸಿನ ಕಡತ ಲಿನಕ್ಸಿನಲ್ಲಿ ಬೇಕಿದ್ದರೆ ವಿಂಡೋಸಿನಲ್ಲೇ ಅದನ್ನು ಇನ್ನೊಂದು ಪೆನ್‌ಡ್ರೈವಿಗೆ ನಕಲಿಸಿ ತರುವುದು ಕ್ಷೇಮ.

## ಹಂತ 10: ಮಾಡಿದ ಕೆಲಸ ಉಳಿಯಬೇಕಾದರೆ

ಲೈವ್ ಲಿನಕ್ಸ್ ಆಫ್ ಆದೊಡನೆ ಎಲ್ಲವನ್ನೂ ಮರೆಯುತ್ತದೆ: ಇಳಿಸಿದ ಕಡತ, ವೈಫೈ ಪಾಸ್‌ವರ್ಡ್, ಕನ್ನಡ ಕೀಲಿಮಣೆಯ ಸೆಟ್ಟಿಂಗ್, ಎಲ್ಲ. ರೂಫಸ್ಸಿನಲ್ಲಿ ಪರ್ಸಿಸ್ಟೆಂಟ್ ಪಾರ್ಟಿಷನ್ ಮಾಡಿದ್ದರೆ ಉಳಿಯುತ್ತದೆ. ನಿಜವಾಗಿ ಉಳಿಯುತ್ತಿದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ: ಡೆಸ್ಕ್‌ಟಾಪಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ರೀಸ್ಟಾರ್ಟ್ ಮಾಡಿ, ಇದೆಯೇ ನೋಡಿ. ಪಪ್ಪಿಯಲ್ಲಿ ಮೊದಲ ಸಲ ಆಫ್ ಮಾಡುವಾಗ ಸೇವ್ ಮಾಡಬೇಕೇ ಎಂದು ಅದೇ ಕೇಳುತ್ತದೆ. ಜಾಗ ಆರಿಸುವಾಗ ಪೆನ್‌ಡ್ರೈವನ್ನೇ ಆರಿಸಿ, ವಿಂಡೋಸಿನ ಡಿಸ್ಕ್ ಬೇಡ.

ಪರ್ಸಿಸ್ಟೆಂಟ್ ಪೆನ್‌ಡ್ರೈವಿನ ದೊಡ್ಡ ಶತ್ರು ಅವಸರ. ಪರದೆ ಪೂರ್ತಿ ಆರುವ ಮೊದಲು ಡ್ರೈವ್ ಕಿತ್ತರೆ ಉಳಿಸಿದ್ದೆಲ್ಲ ಕೆಡಬಹುದು. ಇಡೀ ವ್ಯವಸ್ಥೆಯ ಅಪ್‌ಗ್ರೇಡನ್ನೂ ಇದರ ಮೇಲೆ ಮಾಡಬೇಡಿ. ಜಾಗ ತುಂಬಿ, ಮುಂದಿನ ಸಲ ಏಳದೇ ಹೋಗುವುದು ಸಾಮಾನ್ಯ. ಹೊಸ ಬಿಡುಗಡೆ ಬಂದಾಗ ಹೊಸದಾಗಿ ಬರೆದುಕೊಳ್ಳಿ.

## ಹಂತ 11: ವಿಂಡೋಸಿಗೆ ಹಿಂತಿರುಗುವುದು

ಲಿನಕ್ಸನ್ನು ಅದರ ಮೆನುವಿನಿಂದಲೇ ಶಟ್ ಡೌನ್ ಮಾಡಿ, ಡ್ರೈವ್ ಕಿತ್ತು, ಆನ್ ಮಾಡಿ. ವಿಂಡೋಸಿನಲ್ಲಿ ಗಡಿಯಾರ ಕೆಲವು ಗಂಟೆ ಹಿಂದೆ ಮುಂದೆ ಆಗಿದ್ದರೆ ಅಚ್ಚರಿಯಿಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ. ದಿನಾಂಕ, ಸಮಯದ ಸೆಟ್ಟಿಂಗಿನಲ್ಲಿ ‘ಸಿಂಕ್ ನೌ’ ಒತ್ತಿದರೆ ಸರಿಹೋಗುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿದ್ದವರು ಕೆಲಸ ಮುಗಿದ ಮೇಲೆ ಆನ್ ಮಾಡಿ. ಕೆಲವು ಆನ್‌ಲೈನ್ ಆಟಗಳು ಅದಿಲ್ಲದೆ ತೆರೆಯುವುದೇ ಇಲ್ಲ. ಆನ್ ಮಾಡುವುದೂ ಒಂದು ಬದಲಾವಣೆಯೇ, ಆದ್ದರಿಂದ ಬಿಟ್‌ಲಾಕರನ್ನು ಮತ್ತೊಮ್ಮೆ ಸಸ್ಪೆಂಡ್ ಮಾಡಿಕೊಂಡೇ ಸೆಟಪ್ಪಿಗೆ ಹೋಗಿ. ಆಫ್ ಮಾಡುವಾಗ ಎಚ್ಚರವಾಗಿದ್ದು ಆನ್ ಮಾಡುವಾಗ ಮರೆತವರಿಗೂ ಆ 48 ಅಂಕಿಯ ಪರದೆ ಎದುರಾಗುತ್ತದೆ.

ಪೆನ್‌ಡ್ರೈವ್ ಮತ್ತೆ ಸಾಮಾನ್ಯ ಬಳಕೆಗೆ ಬೇಕೆಂದರೆ ಎಕ್ಸ್‌ಪ್ಲೋರರಿನ ಫಾರ್ಮ್ಯಾಟ್ ಸಾಲದು. ಪಾರ್ಟಿಷನ್ನುಗಳು ಹಾಗೇ ಉಳಿದು 32 ಜಿಬಿಯ ಡ್ರೈವ್ ಕೆಲವೇ ಜಿಬಿ ತೋರಿಸಬಹುದು. ರೂಫಸ್ ತೆರೆದು ‘ಬೂಟ್ ಸೆಲೆಕ್ಷನ್’ ಎದುರು ‘ನಾನ್ ಬೂಟಬಲ್’ ಆಯ್ದು ಸ್ಟಾರ್ಟ್ ಒತ್ತಿ, ಪೂರ್ತಿ ಗಾತ್ರ ವಾಪಸ್ ಸಿಗುತ್ತದೆ.